ಪ್ರಾಶಸ್ತ್ಯ ಮತ ಕೈಯಲ್ಲೇ ಎಣಿಸಿದೆವು, ಲೆಕ್ಕ ಕೂಡಿತು

ನಮ್ಮ ಸಂಘದ ಅಧ್ಯಕ್ಷರನ್ನು ಪ್ರಾಶಸ್ತ್ಯ ಮತದಲ್ಲಿ, ಅಂದರೆ ಅಭ್ಯರ್ಥಿಗಳ ಮುಂದೆ ಇಷ್ಟದ ಕ್ರಮದಲ್ಲಿ 1, 2, 3 ಬರೆಸಿ, ಆರಿಸೋಣ ಎಂದಾಗ ಒಪ್ಪಿದವರು ಕಡಿಮೆ. "ಎಣಿಸುವಷ್ಟರಲ್ಲಿ ಬೆಳಗಾಗುತ್ತೆ, ಅರ್ಧ ಮತ ತಿರಸ್ಕೃತ ಆಗುತ್ತೆ" ಎಂದರು. ಈ ಸಲ ಎಣಿಕೆ ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಯಿತು. ತಿರಸ್ಕೃತವಾದದ್ದು ನೂರಕ್ಕೆ ಎರಡರಷ್ಟು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಹಿಂದೆ ಯಾರೂ ಅರ್ಧ ದಾಟದಿದ್ದರೆ ಮುಂದಿರುವ ಇಬ್ಬರಿಗೆ ಮತ್ತೊಂದು ಮತದಾನ. ಮತ್ತೆ ಮುದ್ರಣ, ಮತ್ತೆ ಬಾಡಿಗೆ, ಮತ್ತೆ ಅಂಚೆ. ಬರುವವರು ಮಾತ್ರ ಇನ್ನೂ ಕಡಿಮೆ. ಈಗ ಒಂದೇ ಮತದಾನ, ಖರ್ಚು ಹೆಚ್ಚುಕಡಿಮೆ ಅರ್ಧ. ಕಾಗದದಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಒಂದೇ ಮತಪತ್ರ ನಾಲ್ಕೈದು ಕೈ ದಾಟುತ್ತದೆ. ತೆಳು ಕಾಗದ ಒಂದಕ್ಕೊಂದು ಅಂಟಿಕೊಂಡು ಎಣಿಕೆ ಕೆಡಿಸುತ್ತದೆ.

ಅಣಕು ಮತದಾನದಲ್ಲಿ ಐದರಲ್ಲಿ ಒಂದು ಕೆಟ್ಟಿತ್ತು. ಟಿಕ್ ಹಾಕಿದವರಿದ್ದರು, ಇಬ್ಬರಿಗೆ 1 ಬರೆದವರಿದ್ದರು. ಇದಕ್ಕಿಂತ ಅಪಾಯ ಇನ್ನೊಂದು: ಕೆಲವರು ಅಂಕ ಕೊಟ್ಟ ಹಾಗೆ ಇಷ್ಟವಾದವರಿಗೆ 5, ಬೇಡದವರಿಗೆ 1 ಬರೆದಿದ್ದರು. ಇಂಥ ಮತ ತಿರಸ್ಕೃತ ಆಗುವುದೇ ಇಲ್ಲ, ಸದ್ದಿಲ್ಲದೆ ಬೇಡದವರ ಕಟ್ಟಿಗೆ ಹೋಗುತ್ತದೆ! ಹಾಗಾಗಿ ಮತಪತ್ರದ ಮೇಲೇ ದಪ್ಪಕ್ಷರದಲ್ಲಿ ಹಾಕಿಸಿದೆ: "ಯಾರು ಗೆಲ್ಲಬೇಕೋ ಅವರ ಮುಂದೆ 1. ಅವರು ಸೋತರೆ ಯಾರಾಗಬಹುದೋ ಅವರ ಮುಂದೆ 2." ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಕೊಡುವಂತೆ ಎಲ್ಲರಿಗೂ ನೇರಳೆ ಸ್ಕೆಚ್ ಪೆನ್ ಕೊಟ್ಟೆವು. 1 ಆದ ಮೇಲೆ 2 ಬಿಟ್ಟು 3 ಬರೆದಿದ್ದರೆ, 1 ಲೆಕ್ಕಕ್ಕೆ, ಮುಂದಿನದು ಇಲ್ಲ. ಇದನ್ನು ಮೊದಲೇ ಬರೆದಿಡದಿದ್ದರೆ ಟೇಬಲ್ ಮೇಲೆ ಜಗಳ ಖಂಡಿತ.

ಸಿಂಧುವಾದ ಮತ 410, ಗೆಲ್ಲಲು ಅರ್ಧಕ್ಕಿಂತ ಒಂದು ಹೆಚ್ಚು, 206. ಐವರು ಅಭ್ಯರ್ಥಿಗಳು. ಮೊದಲ ಪ್ರಾಶಸ್ತ್ಯದಲ್ಲಿ ಮುಂದಿದ್ದವರಿಗೆ 140ರ ಆಸುಪಾಸು, ಎರಡನೆಯವರಿಗೆ 110. ಯಾರೂ 206 ಮುಟ್ಟದ್ದರಿಂದ ಕೊನೆಯವರನ್ನು ಕೈಬಿಟ್ಟು ಅವರ 30 ಪತ್ರಗಳನ್ನು ಅವುಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚಿದೆವು, ಆಮೇಲೆ ನಾಲ್ಕನೆಯವರದು, ಆಮೇಲೆ ಮೂರನೆಯವರದು. ಕೊನೆಗೆ ಎರಡನೆಯವರು 210 ಮುಟ್ಟಿ ಗೆದ್ದರು, ಮುಂದಿದ್ದವರು 180 ದಾಟಲಿಲ್ಲ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿ ಗೆದ್ದದ್ದೂ ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೇ ಅಲ್ವಾ?

ಅನುಮಾನ ಪಟ್ಟವರ ಬಾಯಿ ಮುಚ್ಚಿಸಿದ್ದು ಒಂದೇ ಹಾಳೆ. ಪ್ರತಿ ಸುತ್ತಿನ ಕೊನೆಗೆ ಎಲ್ಲ ಕಟ್ಟುಗಳ ಮೊತ್ತಕ್ಕೆ ಮುಂದಿನ ಪ್ರಾಶಸ್ತ್ಯ ಇಲ್ಲದೆ ನಿಂತ ಪತ್ರಗಳನ್ನು ಸೇರಿಸಿದರೆ 410 ಬರಲೇಬೇಕು. ಬಂದ ಮೇಲೇ ಏಜೆಂಟರ ಸಹಿ, ಸಹಿ ಆದ ಮೇಲೇ ಮುಂದಿನ ಸುತ್ತು. ನಿಂತ ಪತ್ರ ಕೊನೆಗೆ 20 ಇದ್ದವು. ವರ್ಗಾವಣೆಯಾಗಿ ಬಂದ ಪತ್ರಗಳನ್ನು ಹಳೇ ಕಟ್ಟಿನೊಂದಿಗೆ ಬೆರೆಸಲಿಲ್ಲ, ಸುತ್ತಿಗೊಂದು ರಬ್ಬರ್ ಬ್ಯಾಂಡ್. ಮರುಎಣಿಕೆ ಕೇಳಿದಾಗ ಹತ್ತೇ ನಿಮಿಷದಲ್ಲಿ ತೋರಿಸಿದ್ದೆ. ಅದಕ್ಕೆ ಕಟ್ಟಿನ ಚೀಟಿಯಲ್ಲಿ ಬರೆಯುವ ಒಂದು ಗುರುತಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಎಣಿಕೆಗೆ ಕರೆದರೆ ಕೈಯಲ್ಲಿ ಮಾಡಿ ತೋರಿಸುತ್ತೇನೆ.

ಮುಗಿದ ಮೇಲೆ ಕುತೂಹಲಕ್ಕೆ ಅದೇ ಪತ್ರಗಳಿಂದ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಯಾರನ್ನು ಮುಂದಿಟ್ಟವರು ಹೆಚ್ಚು ಎಂದು ಎಣಿಸಿದೆ. ಅಮೆರಿಕದ ಬರ್ಲಿಂಗ್ಟನ್‌ನಲ್ಲಿ 2009ರ ಮೇಯರ್ ಚುನಾವಣೆ ತಲೆಯಲ್ಲಿತ್ತು. ಅಲ್ಲಿ ಆಂಡಿ ಮಾಂಟ್ರೋಲ್ ಎಂಬ ಅಭ್ಯರ್ಥಿ ಒಬ್ಬೊಬ್ಬರ ಎದುರೂ ಗೆಲ್ಲುವಂತಿದ್ದರೂ ಕೊನೇ ಸುತ್ತಿಗೆ ಮೊದಲೇ ಹೊರಬಿದ್ದರು. ನಮ್ಮಲ್ಲಿ ಗೆದ್ದವರು ನಾಲ್ವರ ಎದುರೂ ಗೆದ್ದರು. ಅರ್ಧ ಪತ್ರಗಳಲ್ಲಿ ಹೆಸರುಗಳನ್ನು ತಿರುಗುಮುರುಗು ಅಚ್ಚು ಹಾಕಿಸಿದ್ದೆ. ಮೇಲಿದ್ದ ಹೆಸರಿಗೆ ಸ್ವಲ್ಪ ಜಾಸ್ತಿ 1 ಬಿದ್ದಿದ್ದವು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹೆಸರುಗಳನ್ನು ಸರದಿ ಬದಲಿಸಿ ಅಚ್ಚು ಹಾಕುವುದು ಸುಮ್ನೆ ಅಲ್ಲ.

ಮುಂದೆ ಸಮಿತಿಯ ಮೂರು ಸ್ಥಾನಕ್ಕೂ ಇದೇ ಕ್ರಮ. ರಾಜ್ಯಸಭೆಯ ಎಣಿಕೆಯಂತೆ ಪ್ರತಿ ಪತ್ರಕ್ಕೆ 100 ಮೌಲ್ಯ. 410 ಪತ್ರಕ್ಕೆ 41,000, ಸ್ಥಾನಕ್ಕಿಂತ ಒಂದು ಹೆಚ್ಚು ಅಂದರೆ ನಾಲ್ಕರಿಂದ ಭಾಗಿಸಿ ಒಂದು ಕೂಡಿದರೆ ಕೋಟಾ, ಅಂದರೆ ಗೆಲ್ಲಲು ಬೇಕಾದ ಮೌಲ್ಯ, 10,251. ಗೆದ್ದವರಿಗೆ ಕೋಟಾ ಮೀರಿ ಬಂದ ಹೆಚ್ಚುವರಿ ಹಂಚುವಾಗ ಭಿನ್ನರಾಶಿ ಬಿಟ್ಟುಹೋಗುತ್ತದೆ. ಅದಕ್ಕೊಂದು ಕಾಲಂ ಹಾಕಿ, ಇಲ್ಲದಿದ್ದರೆ ಹಾಳೆ ಕೂಡುವುದಿಲ್ಲ.