ಮಗುವಿನ ತೂಕ ಬೆನ್ನ ಮೇಲಿರಲಿ

ಹೊರದೇಶದ ಸರ್ಜರಿ ಶಿಬಿರಕ್ಕೆ ಹೋಗುವ ನರ್ಸ್‌ಗಳಿಗೆ ಒಂದು ಸಣ್ಣ ಉಪಾಯ. ಅಗಲದ ಬಟ್ಟೆ ಟೇಪಿನ ತುಂಡಿನ ಮೇಲೆ ಮಗುವಿನ ಹೆಸರು, ಕೇಸ್ ನಂಬರ್, ಕಿಲೋದಲ್ಲಿ ತೂಕ, ಅಲರ್ಜಿ ಇಷ್ಟನ್ನು ಪರ್ಮನೆಂಟ್ ಮಾರ್ಕರ್‌ನಲ್ಲಿ ದಪ್ಪಗೆ ಬರೆದು, ಗೌನಿನ ಹಿಂದೆ, ಹೆಗಲುಗಳ ನಡುವೆ ಅಂಟಿಸಿ. ಅಲ್ಲಿಗೆ ಪುಟ್ಟ ಕೈ ಸುಲಭಕ್ಕೆ ಸಿಗಲ್ಲ, ಅದಕ್ಕೇ ಉಳಿಯುತ್ತದೆ. ಕೈಪಟ್ಟಿಯನ್ನು ಮಕ್ಕಳು ಕಚ್ಚಿ ಕಿತ್ತುಹಾಕುತ್ತಾರೆ, ಫೈಲ್ ಯಾವಾಗಲೂ ಬೇರೆ ಯಾರದೋ ಕೈಯಲ್ಲಿರುತ್ತದೆ, ಆದರೆ ಮಕ್ಕಳ ಔಷಧಿ ಬಹುತೇಕ ತೂಕದ ಲೆಕ್ಕ, ಅಲ್ವಾ? ಅಂಕಿಯ ಪಕ್ಕ 'ಕೆಜಿ' ಅಂತ ಬರೆಯಲೇಬೇಕು, ಅದೂ ಎಲ್ಲರೂ ಓದುವ ಲಿಪಿಯಲ್ಲಿ. ದಾನದ ತಕ್ಕಡಿಗಳಲ್ಲಿ ಕೆಲವು ಪೌಂಡ್ ತೋರಿಸುತ್ತವೆ. 12 ಕಿಲೋ ಮಗು ಅದರಲ್ಲಿ 26 ಅಂತ ಬರುತ್ತದೆ, ಅದನ್ನೇ ಕಿಲೋ ಅಂದುಕೊಂಡರೆ ಡೋಸ್ ಎರಡು ಪಟ್ಟಿಗಿಂತ ಜಾಸ್ತಿ.

ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಟೇಪ್ ಕಿತ್ತು ಗೌನಿನ ಮುಂಭಾಗಕ್ಕೆ ಹಾಕಿ, ಮಲಗಿಸಿದ ಮೇಲೆ ಬೆನ್ನು ಯಾರಿಗೂ ಕಾಣಲ್ಲ. ಗೌನ್ ಬದಲಾದರೆ ಈ ಉಪಾಯ ಅಲ್ಲಿಗೇ ಮುಗಿಯಿತು, ಹೊಸದು ಬರೆಯಬೇಕು. ಚರ್ಮದ ಮೇಲೆ ಮಾತ್ರ ಅಂಟಿಸಬೇಡಿ. ಸುಟ್ಟಗಾಯದ ಮಕ್ಕಳಿಗೂ ಎಳೆಗೂಸುಗಳಿಗೂ ಕೀಳುವಾಗ ಚರ್ಮವೇ ಬರಬಹುದು. ಇನ್ನೊಂದು, ಟೇಪ್ ಇದೆ ಅಂತ ಗುರುತು ಕೇಳುವುದನ್ನು ಬಿಡಬೇಡಿ. ಸಾಲಲ್ಲಿ ಒಂದೇ ಹೆಸರಿನ ಇಬ್ಬರಿರುತ್ತಾರೆ, ಅಣ್ಣ ತಮ್ಮ ಗೌನ್ ಅದಲುಬದಲು ಮಾಡಿಕೊಂಡು ಆಡುತ್ತಿರುತ್ತಾರೆ. 'ಇವನು ಇಂಥವನೇನಾ' ಅಂದರೆ ಗಾಬರಿಯಲ್ಲಿರುವ ತಾಯಿ ಸುಮ್ನೆ ತಲೆ ಆಡಿಸುತ್ತಾರೆ, ಅದಕ್ಕೇ ಹೆಸರು ಅವರ ಬಾಯಿಂದಲೇ ಬರಲಿ.