ಒಂದೇ ದಿನದ ಎರಡು ಸಾವು: ಇಟಲಿ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಬರೆದ ನನ್ನ ಅನುಭವ

1978ರ ಮೇ 9ರಂದು ಇಟಲಿಯಲ್ಲಿ ಎರಡು ಶವ ಸಿಕ್ಕವು. ಸಿಸಿಲಿಯ ಚೀನಿಸಿ ಎಂಬ ಸಣ್ಣ ಊರಿನ ಹತ್ತಿರ, ರೈಲು ಹಳಿಯ ಮೇಲೆ, ಸ್ಫೋಟಕ್ಕೆ ಚೂರಾದ ಒಬ್ಬ ಯುವಕನ ದೇಹ. ಹೆಸರು ಪೆಪ್ಪೀನೊ ಇಂಪಾಸ್ತಾತೊ, ವಯಸ್ಸು 30. ಅದೇ ದಿನ ರೋಮ್‌ನ ಕಯೆತಾನಿ ಬೀದಿಯಲ್ಲಿ ನಿಲ್ಲಿಸಿದ್ದ ಕೆಂಪು ರೆನೊ ಕಾರಿನ ಹಿಂಭಾಗದಲ್ಲಿ ಅಲ್ದೊ ಮೊರೊ ಅವರ ಶವ. ಅವರು ಹಿಂದೆ ಪ್ರಧಾನಿಯಾಗಿದ್ದವರು, ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರು. ರೆಡ್ ಬ್ರಿಗೇಡ್ ಎಂಬ ಎಡಪಂಥದ ಉಗ್ರ ಸಂಘಟನೆ ಮಾರ್ಚ್ 16ರಂದು ಅವರ ಐವರು ಅಂಗರಕ್ಷಕರನ್ನು ಕೊಂದು, ಅವರನ್ನು ಎತ್ತಿಕೊಂಡು ಹೋಗಿ, 55 ದಿನ ಸೆರೆಯಲ್ಲಿಟ್ಟಿತ್ತು.

ದೇಶಕ್ಕೆ ದೇಶವೇ ಮೊರೊ ಸುದ್ದಿಯಲ್ಲಿ ಮುಳುಗಿತು. ಪೆಪ್ಪೀನೊ ಸುದ್ದಿ ಎಲ್ಲೋ ಮೂಲೆಗೆ ಹೋಯಿತು.

ನಮ್ಮದು ಒಂದು ಚಿಕ್ಕ ಸಿನಿಮಾ ಬಳಗ. ತಿಂಗಳಿಗೊಮ್ಮೆ ಸೇರಿ ಒಂದು ಸಿನಿಮಾ ನೋಡಿ ಮಾತಾಡುತ್ತೇವೆ. ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಕಷ್ಟಪಡುವವರು ನಮ್ಮಲ್ಲಿ ಜಾಸ್ತಿ. ಹಾಗಾಗಿ ಕನ್ನಡದಲ್ಲಿ ಬರೆಯೋಣ ಅಂತ ನಾನೇ ಕೂತೆ. ಆರಿಸಿಕೊಂಡದ್ದು ಈ ಒಂದೇ ದಿನದ ಎರಡು ಸಾವುಗಳ ಎರಡು ಸಿನಿಮಾ. ಪೆಪ್ಪೀನೊ ಬಗ್ಗೆ ಮಾರ್ಕೊ ತುಲ್ಲಿಯೊ ಜೊರ್ದಾನ 2000ದಲ್ಲಿ ಮಾಡಿದ ‘ಈ ಚೆಂತೊ ಪಾಸ್ಸಿ’, ಅಂದರೆ ‘ನೂರು ಹೆಜ್ಜೆ’. ಮೊರೊ ಸೆರೆಯ ಬಗ್ಗೆ ಮಾರ್ಕೊ ಬೆಲ್ಲೊಕ್ಕಿಯೊ 2003ರಲ್ಲಿ ಮಾಡಿದ ‘ಬ್ವೊಂಜೊರ್ನೊ, ನೊತ್ತೆ’, ಅಂದರೆ ‘ಶುಭೋದಯ, ರಾತ್ರಿ’. ಪ್ರದರ್ಶನದ ಅನುಮತಿಯ ಓಡಾಟವನ್ನು ಬಳಗದ ಬೇರೆಯವರು ನೋಡಿಕೊಂಡರು.

ಮೊದಲು ‘ನೂರು ಹೆಜ್ಜೆ’ ಶುರು ಮಾಡಿದೆ. ಪೆಪ್ಪೀನೊ ಹುಟ್ಟಿದ್ದೇ ಮಾಫಿಯಾ ನಂಟಿನ ಮನೆಯಲ್ಲಿ. ಅವನ ಅಪ್ಪನ ಸೋದರಿಯ ಗಂಡ ಚೇಸರೆ ಮಂಜೆಲ್ಲ ಊರಿನ ಮಾಫಿಯಾ ಯಜಮಾನ. 1963ರಲ್ಲಿ ಕಾರ್ ಬಾಂಬಿಗೆ ಸತ್ತ. ಆಮೇಲೆ ಆ ಜಾಗಕ್ಕೆ ಬಂದವನು ಗಾಯೆತಾನೊ ಬದಲಾಮೆಂತಿ. ಪೆಪ್ಪೀನೊ ಮನೆಯಿಂದ ಅವನ ಮನೆಗೆ ನೂರು ಹೆಜ್ಜೆ ದೂರ. ಸಿನಿಮಾದ ಹೆಸರು ಅದೇ ಲೆಕ್ಕದಿಂದ ಬಂದದ್ದು.

ಈ ಬದಲಾಮೆಂತಿಯನ್ನು ಊರವರು ‘ತ್ಸು ತಾನು’ ಅನ್ನುತ್ತಾರೆ. ‘ತಾನು’ ಅನ್ನೋದು ಗಾಯೆತಾನೊ ಹೆಸರಿನ ಚುಟುಕು ರೂಪ ‘ತಾನೊ’. ‘ತ್ಸು’ ಅಂದರೆ ಸಿಸಿಲಿ ಮಾತಿನಲ್ಲಿ ಅಂಕಲ್. ಇಂಗ್ಲಿಷ್‌ನಲ್ಲಾದರೆ ಅಲ್ಲಿಗೆ ಮುಗಿಯಿತು. ಕನ್ನಡದಲ್ಲಿ ಯಾವ ಅಂಕಲ್? ಚಿಕ್ಕಪ್ಪನಾ, ದೊಡ್ಡಪ್ಪನಾ, ಮಾವನಾ? ಮೊದಲು ‘ಧಣಿ’ ಅಂತ ಹಾಕಿದ್ದೆ. ಎರಡು ದಿನ ಕಳೆದು ಓದಿದರೆ ಆ ಮಾತಿನಲ್ಲಿ ಭಯ ಇತ್ತು, ಸಲುಗೆ ಇರಲಿಲ್ಲ. ಚೇಸರೆ ಪೆಪ್ಪೀನೊಗೆ ನಿಜಕ್ಕೂ ಮಾವ, ಅತ್ತೆಯ ಗಂಡ. ತಾನೊ ರಕ್ತಸಂಬಂಧಿ ಅಲ್ಲ, ಆದರೂ ಊರು ಅವನನ್ನು ಅದೇ ಮಾತಿನಿಂದ ಕರೆಯುತ್ತದೆ. ಹಾಗಾಗಿ ಇಬ್ಬರಿಗೂ ‘ಮಾವ’ ಅಂತಲೇ ಹಾಕಿದೆ. ಚೇಸರೆ ಮಾವ, ತಾನೊ ಮಾವ. ಕೊಲ್ಲಿಸುವವನನ್ನು ಮನೆಯವನ ಥರ ಕರೆಯುವ ಊರಿನಲ್ಲಿ ಅವನ ವಿರುದ್ಧ ಬಾಯಿ ತೆರೆಯೋದು ಎಷ್ಟು ಕಷ್ಟ ಅನ್ನೋದು ಆ ಒಂದು ಪದದಿಂದಲೇ ಗೊತ್ತಾಗಬೇಕು ಅನ್ನಿಸಿತು.

ಎಡಪಂಥದವನಾಗಿದ್ದ ಪೆಪ್ಪೀನೊ ಬಾಯಿ ತೆರೆದ. 1977ರಲ್ಲಿ ಗೆಳೆಯರ ಜೊತೆ ‘ರೇಡಿಯೊ ಔತ್’ ಅಂತ ಒಂದು ಬಾನುಲಿ ಕೇಂದ್ರ ಶುರು ಮಾಡಿ, ಮಾಫಿಯಾದವರನ್ನು ಹೆಸರು ಹಿಡಿದು ಗೇಲಿ ಮಾಡಿದ. ಆ ಗೇಲಿಯನ್ನು ಕನ್ನಡಕ್ಕೆ ತರೋದು ಈ ಕೆಲಸದಲ್ಲೇ ನನಗೆ ಅತಿ ಇಷ್ಟವಾದ ಭಾಗ. ಚೀನಿಸಿಗೆ ಅವನಿಟ್ಟ ಹೆಸರು ‘ಮಾಫಿಯೋಪೊಲಿ’. ನಾನು ‘ಮಾಫಿಯಾಪುರ’ ಮಾಡಿದೆ. ಅಲ್ಲಿನ ಪುರಸಭೆಗೆ, ‘ಮುನಿಚೀಪಿಯೊ’ಗೆ, ಅವನು ‘ಮಾಫಿಚೀಪಿಯೊ’ ಅನ್ನುತ್ತಿದ್ದ. ನಮ್ಮಲ್ಲಿ ಮುನಿಸಿಪಾಲಿಟಿ ಅನ್ನುವ ಪದ ಇದ್ದೇ ಇದೆಯಲ್ಲ, ‘ಮಾಫಿಸಿಪಾಲಿಟಿ’ ತಾನಾಗಿ ಬಂತು. ಕಷ್ಟ ಕೊಟ್ಟದ್ದು ‘ತಾನೊ ಸೆದೂತೊ’. ಅಮೆರಿಕದ ಮೂಲನಿವಾಸಿಗಳ ನಾಯಕ ಸಿಟ್ಟಿಂಗ್ ಬುಲ್‌ಗೆ ಇಟಾಲಿಯನ್‌ನಲ್ಲಿ ‘ತೊರೊ ಸೆದೂತೊ’ ಅನ್ನುತ್ತಾರೆ. ಅದನ್ನು ತಿರುಚಿ ಬದಲಾಮೆಂತಿಗೆ ಇಟ್ಟ ಹೆಸರು ಅದು. ‘ಕೂತ ತಾನೊ’ ಅಂದರೆ ಯಾರಿಗೂ ನಗು ಬರಲ್ಲ. ಹತ್ತು ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡಿ, ಕೊನೆಗೆ ‘ಝಾಂಡಾ ತಾನೊ’ ಅಂತ ಬರೆದೆ. ಝಾಂಡಾ ಹೂಡಿ ಕೂತವನು. ಸಿಟ್ಟಿಂಗ್ ಬುಲ್ ಹೋದ, ಆದರೆ ಕೂತಿರೋದು ಉಳಿಯಿತು.

‘ನೀನು’ ಮತ್ತು ‘ನೀವು’ ಇನ್ನೊಂದು ಕೆಲಸ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎಲ್ಲರೂ ‘ಯೂ’. ಇಟಾಲಿಯನ್‌ನಲ್ಲಿ ‘ತು’ ಇದೆ, ‘ಲೇಯ್’ ಇದೆ, ದಕ್ಷಿಣದ ಕಡೆ ಹಿರಿಯರಿಗೆ ‘ವೊಯ್’ ಅನ್ನೋದೂ ಇದೆ. ಹಾಗಾಗಿ ಪ್ರತಿ ದೃಶ್ಯವನ್ನೂ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಯಾರು ಯಾರಿಗೆ ಏನಂತಾರೆ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ನನ್ನ ಇಟಾಲಿಯನ್ ಅಷ್ಟಕ್ಕಷ್ಟೇ. ಆದರೆ ಇಷ್ಟನ್ನು ಹಿಡಿಯೋಕೆ ಕಿವಿ ಸಾಕು.

ತಾಂತ್ರಿಕ ವಿಷಯ ಬೇಗ ಹೇಳಿಬಿಡುತ್ತೇನೆ. ಏಜಿಸಬ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿದೆ. ಒಂದು ಸಲಕ್ಕೆ ಎರಡೇ ಸಾಲು. ಕನ್ನಡದ ಒತ್ತಕ್ಷರ ಕೆಳಗೆ ಇಳಿಯೋದರಿಂದ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಭಾಂಗಣದ ಲ್ಯಾಪ್‌ಟಾಪ್‌ನಲ್ಲಿ ಅಕ್ಷರದ ಬದಲು ಚೌಕ ಚೌಕ ಬಂದದ್ದನ್ನು ನೋಡಿದ ಮೇಲೆ, ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಿಸಿ ಒಯ್ಯುತ್ತೇನೆ.

ಮೊದಲ ಪ್ರದರ್ಶನದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಮೊರೊ ಸಿನಿಮಾ ಬೆಳಿಗ್ಗೆ, ಪೆಪ್ಪೀನೊ ಸಿನಿಮಾ ಮಧ್ಯಾಹ್ನ ಇಟ್ಟೆ. ದೊಡ್ಡ ಘಟನೆ ಮೊದಲು ಗೊತ್ತಿದ್ದರೆ ಚಿಕ್ಕದು ಅರ್ಥವಾಗುತ್ತದೆ ಅಂತ ಅಂದುಕೊಂಡಿದ್ದೆ. ಇನ್ನೊಂದು ಸಂಗತಿಗೆ ನಾನು ಗಮನವೇ ಕೊಟ್ಟಿರಲಿಲ್ಲ. ಎರಡರಲ್ಲೂ ಒಬ್ಬನೇ ನಟ, ಲುಯಿಜಿ ಲೊ ಕಾಶೊ. ಒಂದರಲ್ಲಿ ಅವನು ಮೊರೊ ಅವರನ್ನು ಸೆರೆಯಲ್ಲಿಟ್ಟ ರೆಡ್ ಬ್ರಿಗೇಡ್‌ನವನು. ಇನ್ನೊಂದರಲ್ಲಿ ಪೆಪ್ಪೀನೊ.

ಸಿನಿಮಾ ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ಕೇಳಿದರು: “ಅವರೂ ಕೆಂಪು ಬಾವುಟ, ಇವನೂ ಕೆಂಪು ಬಾವುಟ. ಹಾಗಾದ್ರೆ ಇವನು ಬಾಂಬ್ ಇಡೋಕೆ ಹೋಗಿ ಸತ್ತಿದ್ದು ಅಲ್ವಾ?”

ನನಗೆ ಮಾತೇ ಹೊರಡಲಿಲ್ಲ. 1978ರಲ್ಲಿ ಪೊಲೀಸರು ಹೇಳಿದ್ದೂ ಇದನ್ನೇ. ರೈಲು ಹಳಿ ಸ್ಫೋಟಿಸಲು ಹೋಗಿ ತಾನೇ ಸತ್ತ ಭಯೋತ್ಪಾದಕ, ಇಲ್ಲಾ ಆತ್ಮಹತ್ಯೆ ಅಂತ. ಪೆಪ್ಪೀನೊ ಸಾಯುವಾಗ ಊರಿನ ಚುನಾವಣೆಗೆ ನಿಂತಿದ್ದ. ಸತ್ತ ಮೇಲೆ ಜನ ಅವನಿಗೆ ಮತ ಹಾಕಿ ಗೆಲ್ಲಿಸಿದರು. ಅವನ ತಾಯಿ ಫೆಲಿಚಿಯ, ತಮ್ಮ ಜೊವಾನ್ನಿ ಮತ್ತು ಗೆಳೆಯರು ವರ್ಷಗಟ್ಟಲೆ ಹೋರಾಡಿದರು. ಬದಲಾಮೆಂತಿಗೆ ಜೀವಾವಧಿ ಶಿಕ್ಷೆ ಆದದ್ದು 2002ರಲ್ಲಿ, 24 ವರ್ಷದ ನಂತರ. ಆ 24 ವರ್ಷದ ಹೋರಾಟ ಯಾವ ತಪ್ಪು ಅನಿಸಿಕೆಯ ವಿರುದ್ಧವಾಗಿತ್ತೋ, ಅದನ್ನೇ ನಾನು ಒಂದು ಮಧ್ಯಾಹ್ನದಲ್ಲಿ ನಮ್ಮ ಸಭಾಂಗಣದಲ್ಲಿ ಮತ್ತೆ ಹುಟ್ಟಿಸಿದ್ದೆ. ಮೊರೊ ನೆರಳಿನಲ್ಲಿ ಪೆಪ್ಪೀನೊನನ್ನು ತೋರಿಸಿದ್ದೆ.

ಮನೆಗೆ ಬಂದು ಸಬ್‌ಟೈಟಲ್ ಮತ್ತೆ ತೆಗೆದೆ. ಇಟಾಲಿಯನ್‌ನಲ್ಲಿ ಎಡಪಂಥದವರು ಒಬ್ಬರನ್ನೊಬ್ಬರು ‘ಕೊಂಪಾಞೊ’ ಅಂತ ಕರೆಯುತ್ತಾರೆ. ನಾನು ಪೆಪ್ಪೀನೊ ಗೆಳೆಯರಿಗೆ ‘ಸಂಗಾತಿ’, ಬ್ರಿಗೇಡ್‌ನವರಿಗೆ ‘ಕಾಮ್ರೇಡ್’ ಅಂತ ಬೇರೆ ಬೇರೆ ಹಾಕಿದ್ದೆ. ಈಗ ಆ ವ್ಯತ್ಯಾಸ ಇನ್ನೂ ಹೆಚ್ಚು ಮಾಡಬೇಕಾ ಅಂತ ಯೋಚಿಸಿದೆ. ಕೊನೆಗೆ ಉಲ್ಟಾ ಮಾಡಿದೆ. ಎರಡೂ ಕಡೆ ‘ಸಂಗಾತಿ’. ಆ ಕಾಲದಲ್ಲಿ ಪದ ಒಂದೇ ಇತ್ತು, ಬಳಸುವವರ ದಾರಿ ಬೇರೆ ಇತ್ತು. ಅದನ್ನು ನೋಡುವವರೇ ಕಂಡುಕೊಳ್ಳಬೇಕು. ಪದ ಬದಲಿಸಿ ನಾನು ತೀರ್ಪು ಕೊಡಬಾರದು.

ಎಂಟು ತಿಂಗಳ ನಂತರ ಮತ್ತೆ ತೋರಿಸಿದೆವು. ಈ ಸಲ ಪೆಪ್ಪೀನೊ ಮೊದಲು. ಭಾಷಣ ಮಾಡಲಿಲ್ಲ, ದಿನಾಂಕ ಮತ್ತು ಊರಿನ ಹೆಸರು ಮಾತ್ರ ಹೇಳಿ ದೀಪ ಆರಿಸಿದೆ. ‘ಮಾಫಿಸಿಪಾಲಿಟಿ’ ಬಂದಾಗ ಇಡೀ ಸಭಾಂಗಣ ನಕ್ಕಿತು. ಅವನ ಸಾವಿನ ಹೊತ್ತಿಗೆ ಯಾರೂ ಕದಲಲಿಲ್ಲ. ಮಧ್ಯಾಹ್ನ ಮೊರೊ ಸಿನಿಮಾದಲ್ಲಿ ಅದೇ ಮುಖ ಬಂದೂಕಿನವರ ಜೊತೆ ಕಂಡಾಗ, ಮುಂದೆ ಕೂತಿದ್ದ ಹುಡುಗಿಯೊಬ್ಬಳು “ಅಯ್ಯೋ” ಅಂದದ್ದು ನನಗೆ ಕೇಳಿಸಿತು.

ಬೆಲ್ಲೊಕ್ಕಿಯೊ ತನ್ನ ಸಿನಿಮಾದ ಕೊನೆಯಲ್ಲಿ ಮೊರೊ ಅವರನ್ನು ಬಿಡುಗಡೆ ಮಾಡಿಬಿಡುತ್ತಾನೆ. ಬೆಳಗಿನ ಜಾವ ರೋಮ್‌ನ ಬೀದಿಯಲ್ಲಿ ಅವರು ಒಬ್ಬರೇ ನಡೆದು ಬರುತ್ತಾರೆ. ಅದು ಸೆರೆಯಿಟ್ಟವರಲ್ಲಿ ಒಬ್ಬಳ ಕನಸು. ಅದರ ಜೊತೆಗೇ ಬರೋದು ನಿಜವಾದ ಸುದ್ದಿಚಿತ್ರ: ಮೇ 13ರ ಸರ್ಕಾರಿ ಶ್ರದ್ಧಾಂಜಲಿ, ಪೋಪ್, ಸಾಲಾಗಿ ಕೂತ ನಾಯಕರು. ಅಲ್ಲಿ ಶವ ಇರಲಿಲ್ಲ. ಮೊರೊ ಕುಟುಂಬ ಅವರನ್ನು ಮೊದಲೇ ಒಂದು ಹಳ್ಳಿಯಲ್ಲಿ ಮಣ್ಣು ಮಾಡಿತ್ತು, ಈ ನಾಯಕರು ಯಾರೂ ಬೇಡ ಅಂತ ಹೇಳಿ. ಈ ದೃಶ್ಯಕ್ಕೆ ನಾನು ಒಂದೇ ಒಂದು ಸಾಲೂ ಹಾಕಿಲ್ಲ.

ದೀಪ ಹಾಕಿದ ಮೇಲೆ ಒಬ್ಬರು ಅಜ್ಜಿ ಕೇಳಿದರು: “ಆ ಹುಡುಗನ ಮಣ್ಣಿಗೆ ಇವರಲ್ಲಿ ಯಾರಾದ್ರೂ ಹೋಗಿದ್ರಾ?”

ಇಲ್ಲ ಅಂದೆ. ಗೆಳೆಯರಿದ್ದರು, ಬೇರೆ ಊರುಗಳಿಂದ ಬಂದ ಹುಡುಗರು ಇದ್ದರು, ಕೆಂಪು ಬಾವುಟಗಳಿದ್ದವು. ಹಳಿಯ ಸುತ್ತ ಬಿದ್ದಿದ್ದ ಅವನ ದೇಹದ ಚೂರುಗಳನ್ನು ಆ ಗೆಳೆಯರೇ ಹುಡುಕಿ ಹುಡುಕಿ ಚೀಲದಲ್ಲಿ ತುಂಬಿಕೊಂಡು ಬಂದಿದ್ದರು.