ಒಳ್ಳೆಯವರಲ್ಲದವರ ಕತೆಗಳು: ಒಂದು ಸಂಕಲನ ಹೊರಬಂದ ಬಗೆ

ಮೊದಲ ಸಂಕಲನದ ಪ್ರತಿಗಳು ಮುಗಿದು, ಹಾಕಿದ ದುಡ್ಡು ಕೈಗೆ ಬಂದು, ಎರಡನೆಯದೂ ಅಚ್ಚಿಗೆ ಹೋಗಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ಕ್ವಿಯರ್ ಬರಹಗಾರರು, ಅಂದರೆ ಸಲಿಂಗಿಗಳು, ಟ್ರಾನ್ಸ್ ಜನ ಮುಂತಾದವರು ಬರೆದ ಕರಾಳ ಕತೆಗಳು, ಅದರಲ್ಲೂ ಕೊಲೆ, ಹೆಣ, ಹಿಂಸೆಯ ಸುಖ, ಬಂಧುಗಳೊಳಗಿನ ನಿಷಿದ್ಧ ಮೋಹ, ಇಂಥವನ್ನೇ ಕಟ್ಟಿ ಕೊಟ್ಟರೆ ಕನ್ನಡದಲ್ಲಿ ನೂರು ಪ್ರತಿಯೂ ಹೋಗುವುದಿಲ್ಲ ಎಂದವರೇ ಹೆಚ್ಚು. ಅವರಲ್ಲಿ ಒಂದಿಬ್ಬರು ಈಗ ತಾವೂ ಕತೆ ಕೊಡಬಹುದೇ ಎಂದು ಕೇಳುತ್ತಿದ್ದಾರೆ.

ಸಾಹಿತ್ಯ ವಲಯದವರು ಅಶ್ಲೀಲ ಎಂದರು. ಅದು ನಿರೀಕ್ಷಿತವೇ. ಹಳಗನ್ನಡದ ಕವಿ ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿಯನ್ನು ಅವರ ಮುಂದಿಟ್ಟೆ. ಮಾವುತನಿಂದ ಒದೆ ತಿಂದೂ ಅವನನ್ನು ಬಿಡದವಳು, ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು ಎಂ.ಎ. ತರಗತಿಯಲ್ಲಿ ಪಾಠವಾಗಬಹುದಾದರೆ ನಮ್ಮ ಕತೆಗೆ ಮಾತ್ರ ಯಾಕೆ ಮಡಿ? ಅಲ್ಲಿಗೆ ಅವರ ಬಾಯಿ ಕಟ್ಟಿತು. ನಿಜವಾಗಿ ಕಷ್ಟವಾದದ್ದು ನಮ್ಮವರದ್ದೇ ವಿರೋಧ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2009ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟದ್ದನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಕಿತ್ತುಕೊಂಡು, ಮತ್ತೆ 2018ರಲ್ಲಿ ವಾಪಸ್ ಕೊಟ್ಟದ್ದನ್ನು ಕಣ್ಣಾರೆ ಕಂಡ ಹಿರಿಯರಿಗೆ ಭಯ ಇನ್ನೂ ಹೋಗಿಲ್ಲ. ‘ಈಗಷ್ಟೇ ತಲೆಯೆತ್ತಿ ಓಡಾಡುತ್ತಿದ್ದೇವೆ, ನೀನು ನಮ್ಮವರನ್ನೇ ಕೊಲೆಗಾರರನ್ನಾಗಿ ತೋರಿಸುತ್ತೀಯಲ್ಲೋ’ ಎಂದು ಎಲ್ಲರೂ ಅಮ್ಮ ಎನ್ನುವ ಹಿರಿಯರೊಬ್ಬರು ಕಬ್ಬನ್ ಪಾರ್ಕಿನಲ್ಲಿ ನನ್ನನ್ನು ಚೆನ್ನಾಗಿ ಬೈದರು. ‘ಅಮ್ಮ, ಸನ್ನಡತೆಯ ಪ್ರಮಾಣಪತ್ರ ತಂದವರಿಗೆ ಮಾತ್ರ ಕತೆಯೊಳಗೆ ಪ್ರವೇಶವೇ?’ ಎಂದೆ. ಅವರು ಇವತ್ತಿಗೂ ಒಪ್ಪಿಲ್ಲ. ಆದರೆ ಐದು ಪ್ರತಿ ಕೊಂಡರು, ರಿಯಾಯಿತಿಯನ್ನೂ ಕೇಳಲಿಲ್ಲ.

ಕತೆಗಳು ಹುಟ್ಟಿದ್ದು ಓದುಕೂಟದಲ್ಲಿ. ಬಸವನಗುಡಿಯ ಕಡೆ ಬಾಡಿಗೆಗೆ ಹಿಡಿದಿದ್ದ ಮಹಡಿಯ ಮಾಲೀಕರು ಎರಡನೇ ಭಾನುವಾರವೇ ಬೀಗ ಬದಲಿಸಿದರು, ಮುಂಗಡ ಸುಮಾರು 4,000 ರೂಪಾಯಿ ಹೋಯಿತು. ಆಮೇಲೆ ಮನೆಗಳಲ್ಲೇ ಸೇರಿದೆವು. ಬೆಂಗಳೂರಿನ ಐದಾರು ಮುಖಗಳೇ ತಿರುಗಿ ತಿರುಗಿ ಬರುತ್ತಿದ್ದವು. ರಾಣೆಬೆನ್ನೂರು, ಹೊಸದುರ್ಗ, ಪುತ್ತೂರಿನವರು ಬರತೊಡಗಿದ್ದು ಬಸ್ ದುಡ್ಡನ್ನು ಮೊದಲೇ ಕೈಗೆ ಕೊಟ್ಟ ಮೇಲೆ. ಸುರಕ್ಷಿತ ಜಾಗ, ಒಳಗೊಳ್ಳುವಿಕೆ ಎಂದೆಲ್ಲ ಕರಪತ್ರದಲ್ಲಿ ಬರೆದದ್ದಕ್ಕಿಂತ ಆ ಬಸ್ ದುಡ್ಡು ಹೆಚ್ಚು ಕೆಲಸ ಮಾಡಿತು.

ಸಂಪಾದನೆಯಲ್ಲಿ ನನ್ನ ಹಟ ಒಂದೇ: ಕತೆಯ ಕೊನೆಯಲ್ಲಿ ತಪ್ಪು ಮಾಡಿದವರಿಗೆ ಶಿಕ್ಷೆಯಾಗಲೇಬೇಕು ಎಂದು ಕೇಳುವುದಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬಳು ಅಡಿಕೆ ತೋಟದ ಮನೆಯ ಕತೆ ಕಳಿಸಿದ್ದಳು. ಕೊಳೆರೋಗದ ಔಷಧಿ ಹೊಡೆಯುವ ಮಳೆಗಾಲ. ಗೆಳತಿಯ ಗಂಡ ಅಟ್ಟದ ಮೇಲೆ ಜ್ವರದಿಂದ ಮಲಗಿದ್ದಾನೆ. ಕೆಳಗೆ ಇಬ್ಬರು ಹೆಂಗಸರು ಮೈಲುತುತ್ತ ಕರಗಿಸುತ್ತ ಅವನು ನೀರು ಕೇಳುವುದನ್ನು ಕೇಳಿಸಿಕೊಂಡೂ ಎದ್ದು ಹೋಗುವುದಿಲ್ಲ. ಮೊದಲ ಕರಡಿನಲ್ಲಿ ಪೊಲೀಸರು ಬಂದಿದ್ದರು. ‘ಯಾಕೆ ಬಂದರು?’ ಎಂದು ಕೇಳಿದೆ. ‘ಬರಬೇಕಲ್ಲವೇ ಅಣ್ಣ’ ಎಂದಳು. ಬೇಡವೆಂದೆ. ಎರಡನೇ ಕರಡಿನಲ್ಲಿ ಮಳೆ ನಿಂತು, ಬಿಸಿಲಿಗೆ ಅವನ ಹಾಸಿಗೆ ಒಣಗಿಸಿದರು, ಅಷ್ಟೇ. ಓದುಕೂಟದಲ್ಲಿ ಅದನ್ನು ಓದಿದಾಗ ಒಬ್ಬರು ಎದ್ದು ಹೊರಗೆ ಹೋದರು. ಇಡೀ ಪುಸ್ತಕದಲ್ಲಿ ಅದಕ್ಕಿಂತ ಗಟ್ಟಿ ಕತೆ ಇನ್ನೊಂದಿಲ್ಲ.

ಒಂದು ಗೆರೆಯನ್ನು ಮಾತ್ರ ದಾಟಲು ಬಿಡುವುದಿಲ್ಲ. 18ರ ಒಳಗಿನವರನ್ನು ಲೈಂಗಿಕವಾಗಿ ತೋರಿಸುವ ಯಾವ ಕತೆಯನ್ನೂ ತೆಗೆದುಕೊಳ್ಳುವುದಿಲ್ಲ, ಅದರ ಬಗ್ಗೆ ಚರ್ಚೆಯೂ ಇಲ್ಲ. ಉಳಿದದ್ದಕ್ಕೆಲ್ಲ ಮೊದಲ ಪುಟದಲ್ಲೇ ‘ಒಳಗೇನಿದೆ’ ಎಂಬ ಪಟ್ಟಿ ಕೊಡುತ್ತೇವೆ. ಬೇಡದವರು ಅಲ್ಲೇ ಮುಚ್ಚಿಡಬಹುದು.

ಹೆಸರಿನ ವಿಷಯದಲ್ಲಿ ಕನ್ನಡದ ಸಂಪ್ರದಾಯ ನಮ್ಮನ್ನು ಕಾಪಾಡಿತು. ಇಲ್ಲಿ ಕಾವ್ಯನಾಮ ಇಟ್ಟುಕೊಂಡರೆ ಯಾರೂ ಯಾಕೆ ಎನ್ನುವುದಿಲ್ಲ. ಬಯಲಾಗುವುದು ಬೇರೆ ಕಡೆ. ಫೈಲಿನ ವಿವರಗಳಲ್ಲಿ ಕಂಪ್ಯೂಟರಿನ ಮಾಲೀಕರ ಹೆಸರು ಕೂತಿರುತ್ತದೆ; ಒಬ್ಬನ ಫೈಲಿನಲ್ಲಿ ಅವನ ಮಾವನ ಹೆಸರಿತ್ತು. ಗೌರವಧನ ಕಳಿಸಲು ಹೋದರೆ ಫೋನ್‌ಪೇ ಪರದೆಯ ಮೇಲೆ ಬ್ಯಾಂಕ್ ಖಾತೆಯಲ್ಲಿರುವ ಅವರ ಪೂರ್ತಿ ಹೆಸರು. ಹಾಗಾಗಿ ಒಬ್ಬರು ದುಡ್ಡೇ ಬೇಡವೆಂದರು. ಮನಿಯಾರ್ಡರ್ ಮಾಡೋಣವೆಂದರೆ ಅಂಚೆಯಣ್ಣ ಊರಿಗೆಲ್ಲ ಪರಿಚಿತ. ಕೊನೆಗೆ ಒಂದು ದಾರಿ ಸಿಕ್ಕಿತು, ಕಾನೂನಿಗೂ ಸರಿ ಇದೆ. ಅದನ್ನು ಇಲ್ಲಿ ಬರೆದರೆ ಉಪಯೋಗವೇ ಹೋಗುತ್ತದೆ, ಬೇಕಾದವರು ಮುಖತಃ ಕೇಳಲಿ. ಯಾರಿಗೂ ಬಾಕಿ ಉಳಿಸಿಲ್ಲ: ಕತೆಗೆ 1,500 ರೂಪಾಯಿ, ಅದೂ ಅಚ್ಚಿಗೆ ಹೋಗುವ ಮೊದಲೇ.

ಒಂದು ಮುದ್ರಣಾಲಯದಲ್ಲಿ ಡಿಟಿಪಿ ಮಾಡುವ ಹುಡುಗ ಪುಟ ಕಟ್ಟುತ್ತ ಓದಿಬಿಟ್ಟ, ಕೆಲಸ ವಾಪಸಾಯಿತು. ಅಂದಿನಿಂದ ಪುಟವಿನ್ಯಾಸ ನಮ್ಮದೇ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಾಗಿ ಬಂದದ್ದನ್ನೆಲ್ಲ ಯೂನಿಕೋಡ್‌ಗೆ ತಿರುಗಿಸಿ, ಒಡೆದ ಒತ್ತಕ್ಷರಗಳನ್ನು ಕೂಡಿಸುವಷ್ಟರಲ್ಲಿ ಕಣ್ಣು ಹೋಗುತ್ತದೆ. ನಿಯತಕಾಲಿಕ ಎಂದರೆ ನೋಂದಣಿಯ ಗೋಜು. ಅದಕ್ಕೇ ಪ್ರತಿ ಸಂಕಲನವನ್ನೂ ಬಿಡಿ ಪುಸ್ತಕವಾಗಿ ತರುತ್ತೇವೆ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಹೇಗೂ ಉಚಿತ. ಅಶ್ಲೀಲತೆಯ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 294. ಸಾಹಿತ್ಯ, ಕಲೆಯ ಹಿತಕ್ಕಾಗಿ ಪ್ರಕಟವಾದದ್ದಕ್ಕೆ ಅದರಲ್ಲೂ ವಿನಾಯಿತಿ ಇದೆ. ಸುಪ್ರೀಂ ಕೋರ್ಟಿನ 2014ರ ಅವೀಕ್ ಸರ್ಕಾರ್ ತೀರ್ಪಿನ ನಂತರ ಒಂದು ಸಾಲನ್ನು ಎತ್ತಿ ಹಿಡಿದು ಅಳೆಯುವಂತೆಯೂ ಇಲ್ಲ. ಆದರೂ ಪರಿಚಯದ ವಕೀಲೆಯೊಬ್ಬರಿಗೆ ಹಸ್ತಪ್ರತಿ ಓದಿಸದೆ ಏನನ್ನೂ ಅಚ್ಚಿಗೆ ಕಳಿಸುವುದಿಲ್ಲ.

ಲೆಕ್ಕ ಹೀಗಿತ್ತು. ಡೆಮಿ 1/8 ಅಳತೆಯ 160 ಪುಟ, ಡಿಜಿಟಲ್ ಮುದ್ರಣ, 300 ಪ್ರತಿ. ಪ್ರತಿಗೆ 90ರ ಆಸುಪಾಸು. ಗೌರವಧನ, ಮುಖಪುಟ, ಬಸ್ ದುಡ್ಡು ಎಲ್ಲ ಸೇರಿ 55,000 ಮುಟ್ಟಿತು. ಬೆಲೆ 250. ಅಂಗಡಿಯವರು 40 ಶೇಕಡಾ ಕೇಳುತ್ತಾರೆ, ಅದಕ್ಕೇ ಹೆಚ್ಚಿನದನ್ನು ಕೈಯಿಂದ ಕೈಗೆ ಮಾರಿದೆವು. ಒಂದೂವರೆ ವರ್ಷ ಹಿಡಿಯಿತು.

ನಡುವೆ ಕೆಲವು ಪ್ರಯೋಗಗಳೂ ಆದವು. ಕೆಲವು ಪ್ರತಿಗಳಿಗೆ ಪ್ಲಾಸ್ಟಿಕ್ ಸುತ್ತಿ ‘ವಯಸ್ಕರಿಗೆ ಮಾತ್ರ’ ಎಂದು ಚೀಟಿ ಅಂಟಿಸಿದೆವು. ಸರಸರ ಹೋದವು, ಸರಸರ ವಾಪಸೂ ಬಂದವು: ‘ಏನೂ ಇಲ್ಲವಲ್ಲ ಸಾರ್, ಬರೀ ಸಾವು’ ಎಂದ ಒಬ್ಬ ಗ್ರಾಹಕ. ಆಡಿಯೋ ಮಾಡಿದರೆ ದನಿಯಿಂದಲೇ ಗುರುತು ಸಿಗುತ್ತದೆ. ದನಿ ಬದಲಿಸಿದರೆ ಎಂಥ ಭೀಕರ ಕತೆಯೂ ನಗೆನಾಟಕ. ಅದನ್ನು ಅಲ್ಲಿಗೇ ಬಿಟ್ಟೆವು.

ಮೂರನೆಯದಕ್ಕೆ ಕತೆಗಳು ಬರುತ್ತಿವೆ. ಟ್ರಾನ್ಸ್ ಗಂಡಸರದ್ದು ಇನ್ನೂ ಒಂದೂ ಇಲ್ಲ, ಕಲ್ಯಾಣ ಕರ್ನಾಟಕದಿಂದ ಒಂದೇ ಬಂದಿದೆ. ಆ ಕಡೆಯವರು ಬರುವುದಾದರೆ ಬಸ್ ದುಡ್ಡು ನಮ್ಮದು. ಅಡಿಕೆ ತೋಟದ ಕೊಲೆ ಸದ್ಯಕ್ಕೆ ಸಾಕು.